ಮಾವನ ಮನೆಯ ಉಗ್ರಾಣಕ್ಕೆ ಸಿಗ್ನಲ್

ನಮ್ಮ ಹಿತ್ತಿಲಲ್ಲಿ ಹೀರೇಬಳ್ಳಿ ಹಬ್ಬಿರುವುದು ಇಂಟರ್ನೆಟ್ ವೈರಿನ ಮೇಲೆ. ನೀಲಿ ವೈರು. ಮೈಸೂರಿನ ಅಂಗಡಿಯಲ್ಲಿ ಸುರುಳಿ ಸುತ್ತಿಸಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದದ್ದು. ಇದರೊಳಗೆ ಜಗತ್ತೆಲ್ಲ ಹರಿದು ಬರುತ್ತದೆ ಎಂದು ಅಂದು ಪಕ್ಕದ ಸೀಟಿನವರಿಗೆ ವಿವರಿಸಿದ್ದೆ. ಪಾಪ, ವರುಣಾದಲ್ಲಿ ಇಳಿಯುವ ತನಕ ಅವರು ಸಹಿಸಿಕೊಂಡಿದ್ದರು. ಮೊನ್ನೆ ನನ್ನ ಹೆಂಡತಿ ಶೈಲಾ ಆ ವೈರಿನಿಂದ ಎಳೆ ಹೀರೇಕಾಯಿ ಕಿತ್ತು ಸೊಂಟದ ಸೆರಗಿಗೆ ಹಾಕಿಕೊಳ್ಳುತ್ತ, "ನಿಮ್ ವೈರು ಈಗ ನೆಟ್ಟಗೆ ಕೆಲ್ಸ ಮಾಡ್ತಾ ಅದೆ ನೋಡ್ರೀ" ಅಂದಳು. ಹೀರೇಕಾಯಿ ಬಜ್ಜಿ ತಿನ್ನುವ ಆಸೆಯಲ್ಲಿ ನಾನು ತಿರುಗಿ ಮಾತಾಡಲಿಲ್ಲ.

ಆ ವೈರು ಮೊದಲು ಇದ್ದದ್ದು ನಂಜನಗೂಡಿನಲ್ಲಿ, ನನ್ನ ಮಾವನ ಮನೆಯಲ್ಲಿ; ಅಲ್ಲಿ ಬೇಡವಾದ ಮೇಲೆ ಇಲ್ಲಿಗೆ ಬಂತು. ಅಲ್ಲಿ ನಾನು ಮನೆಯ ಮೂಲೆಮೂಲೆಗೂ ಇಂಟರ್ನೆಟ್ ಹಂಚಲು ಹೊರಟ ಕತೆ ಇದು. ನೀವು ಇದನ್ನು ಓದಿ ನಗುವುದಾದರೆ ನಗಬಹುದು. ನಮ್ಮ ಮನೆಯವರು ನನ್ನ ಎದುರಿಗೆ ನಗದೆ ಬಹಳ ಕಾಲ ಕಷ್ಟಪಟ್ಟಿದ್ದಾರೆ, ಅವರ ಪಾಲಿನದೂ ಸೇರಿಸಿ ನಕ್ಕುಬಿಡಿ.

ನಾನು ತಿ. ನರಸೀಪುರದವನು. ಬಸ್ ನಿಲ್ದಾಣದ ಹತ್ತಿರ ಒಂದು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೆ. ಕಂಪ್ಯೂಟರ್ ಅಂಗಡಿ ಎಂದರೆ ಕಂಪ್ಯೂಟರ್ ಮಾರುವ ಅಂಗಡಿಯಲ್ಲ, ಕಂಪ್ಯೂಟರ್ ಇರುವ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು, ಜೆರಾಕ್ಸು, ಪಾಸ್‌ಪೋರ್ಟ್ ಸೈಜಿನ ಫೋಟೋ. ಮದುವೆ ಕಾರ್ಡಿನ ಅಂಚಿಗೆ ಬಾಳೆಕಂಬ, ತಿಥಿ ಕಾರ್ಡಿನ ಅಂಚಿಗೆ ದೀಪ ಎನ್ನುವುದೇ ನನ್ನ ತಾಂತ್ರಿಕ ಜ್ಞಾನದ ಮುಖ್ಯ ಭಾಗ. ಒಂದು ಸಲ ಅದೂ ಅದಲುಬದಲಾಗಿ, ಯಾರದೋ ತಾತನ ತಿಥಿಗೆ ಬಾಳೆಕಂಬ ಕಟ್ಟಿಬಿಟ್ಟಿದ್ದೆ. ಆದರೆ ನಂಜನಗೂಡಿನ ಮಾವನ ಮನೆಯ ಬೀದಿಯಲ್ಲಿ ಮಾತ್ರ ನಾನು 'ಕಂಪ್ಯೂಟ್ರು ಅಳಿಯಂದ್ರು'. ಹಾಗೆ ಕರೆಸಿಕೊಂಡವನಿಗೆ ತಲೆ ತಿರುಗದೆ ಇರುತ್ತದೆಯೇ?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ತೊಂಬತ್ತರ ದಶಕದಲ್ಲಿ ನರಸೀಪುರದ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಫೋನು, ಮೂಲೆಯ ಕಂಟ್ರಾಕ್ಟರ ಮನೆಯಲ್ಲಿ. ನಮಗೆ ಫೋನು ಬಂದರೆ ಕಂಟ್ರಾಕ್ಟರ ಹೆಂಡತಿ ಬಾಗಿಲಿಗೆ ಬಂದು ಟೈಲರ್ ಅಂಗಡಿಗೆ ಕೂಗುತ್ತಿದ್ದರು. ಟೈಲರ್ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಹಿಟ್ಟಿನ ಮಿಲ್ಲಿನವನಿಗೆ ಕೂಗುತ್ತಿದ್ದ. ಮಿಲ್ಲಿನವನು ನಮ್ಮಮ್ಮನಿಗೆ ಕೂಗುತ್ತಿದ್ದ. ಒಬ್ಬರ ಗಂಟಲು ಮುಟ್ಟದ ಕಡೆ ಇನ್ನೊಬ್ಬರು ನಿಂತು ಮುಂದಕ್ಕೆ ದಾಟಿಸುವ ಏರ್ಪಾಡು. ಆಗ ನಮಗೆ ಅದರ 'ನೆಟ್‌ವರ್ಕ್' ಎನ್ನುವ ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ, ಅಷ್ಟೆ. ಒಂದು ದಿನ ನನ್ನ ಸೋದರಮಾವ ಕೊಳ್ಳೇಗಾಲದಿಂದ ಫೋನು ಮಾಡಿ, ಹಬ್ಬಕ್ಕೆ ಬರುತ್ತಾ ಇಲ್ಲ ಎಂದು ತಿಳಿಸಿದ. ಟೈಲರ್ ವರೆಗೆ ಸುದ್ದಿ ಸರಿಯಾಗೇ ಬಂತು. ಮಿಲ್ಲಿನಲ್ಲಿ ಯಾರದೋ ರಾಗಿ ಬೀಸುತ್ತಿತ್ತು, ಆ ಸದ್ದು ಕೊನೆಯ 'ಇಲ್ಲ'ವನ್ನು ನುಂಗಿಕೊಂಡಿತು. ಅಮ್ಮ ತಮ್ಮನಿಗೆಂದು ಒಬ್ಬಟ್ಟು ಮಾಡಿ ಸಂಜೆಯ ತನಕ ಬಾಗಿಲಲ್ಲಿ ನಿಂತಿದ್ದಳು. ನಾನೂ ನನ್ನ ತಂಗಿಯೂ ಮಾವನ ಪಾಲಿನ ಒಬ್ಬಟ್ಟನ್ನು ಶ್ರದ್ಧೆಯಿಂದ ಮುಗಿಸಿದೆವು.

'ಇಲ್ಲ' ಎನ್ನುವ ಪದ ಹಾಗೆ ದಾರಿಯಲ್ಲಿ ಕಳೆದುಹೋಗುವುದನ್ನು ನಾನು ಮತ್ತೆ ಕಂಡದ್ದು ನಂಜನಗೂಡಿನಲ್ಲಿ. ಅಲ್ಲಿ ಮಿಲ್ಲಿನ ಸದ್ದು ಬೇಕಿರಲಿಲ್ಲ. ಅಳಿಯ ಎದುರಿಗಿದ್ದರೆ ಸಾಕಿತ್ತು.

ನಮ್ಮ ಕಡೆ ಅಳಿಯ ಎಂದರೆ ಏನು ಎನ್ನುವುದು ನಿಮಗೆ ಗೊತ್ತಿರಬಹುದು. ಅವನ ಮಾತಿಗೆ ಎದುರಾಡುವಂತಿಲ್ಲ, ಅವನು ಮಾಡಿದ್ದಕ್ಕೆ ಹೆಸರಿಡುವಂತಿಲ್ಲ. ಉಪ್ಪು ಹೆಚ್ಚಾಗಿದೆ ಎಂದು ಅವನು ಹೇಳಬಹುದು, ಅವನು ಹೇಳಿದ್ದು ಹೆಚ್ಚಾಯಿತು ಎಂದು ಯಾರೂ ಹೇಳುವಂತಿಲ್ಲ. ನನ್ನ ಮಾವ ಗುರುಮಲ್ಲಪ್ಪನವರು ಬೆಲ್ಲದ ಮಂಡಿ ಇಟ್ಟವರು. ಮಂಡಿಯಲ್ಲಿ ಅವರ ಬಾಯಿಗೆ ಸಿಕ್ಕಿದವರು ಬೆಲ್ಲವನ್ನೇ ಬಿಟ್ಟು ಓಡುತ್ತಿದ್ದರಂತೆ. ನನ್ನ ಎದುರಿಗೆ ಮಾತ್ರ "ಆಗ್ಲಿ ಅಳಿಯಂದ್ರೆ, ನೀವ್ ಹೇಳುದ್ ಮೇಲೆ ಮುಗೀತು." ಅತ್ತೆ ಸುತ್ತೂರಿನ ಕಡೆಯವರು, ಅವರದು ಇನ್ನೂ ಒಂದು ಕೈ ಮೇಲು. ಮದುವೆಯಾಗಿ ಏಳೆಂಟು ವರ್ಷವಾದರೂ ನನ್ನ ಜೊತೆ ನೇರವಾಗಿ ಒಂದು ಮಾತು ಆಡಿರಲಿಲ್ಲ. ನಾನು ಕಂಬಕ್ಕೆ ಒರಗಿ ಕೂತಿದ್ದರೆ, ಅದೇ ಕಂಬದ ಆಚೆ ನಿಂತು, "ಶೈಲಾ, ಅಳಿಯಂದ್ರು ಕಾಪಿ ಕುಡುದಾರಾ ಕೇಳವ್ವ" ಎನ್ನುತ್ತಿದ್ದರು. ಶೈಲಾ ನನ್ನ ಕಡೆ ತಿರುಗಿ, "ಕಾಪಿ ಕುಡೀತೀರಾ?" ಎನ್ನುತ್ತಿದ್ದಳು. ನಾನು "ಹೂಂ" ಎಂದರೆ ಅವಳು ಅಮ್ಮನ ಕಡೆ ತಿರುಗಿ "ಹೂಂ ಅಂತೆ" ಎನ್ನುತ್ತಿದ್ದಳು. ಶೈಲಾ ಅಡುಗೆಮನೆಯಲ್ಲಿದ್ದರೆ ನನಗೆ ಕಾಫಿ ಇಲ್ಲ.

ಆ ಮನೆಯಲ್ಲಿ ನನ್ನ ಹತ್ತಿರ ಸಲಿಗೆಯಿಂದ ಇದ್ದವಳು ನಾದಿನಿ ಮಂಗಳಾ ಒಬ್ಬಳೇ. ಅಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಭಾವ ಎಂದರೆ ಚೇಷ್ಟೆಗೆ ಸರಕು ಎಂದು ತಿಳಿದವಳು. ನನ್ನ ಹಳೆಯ ಲ್ಯಾಪ್‌ಟಾಪನ್ನು ಅವಳಿಗೆ ಕೊಟ್ಟಿದ್ದೆ. ಎರಡು ಸಾವಿರದ ದಶಕದ ಕೊನೆಕೊನೆಗೆ ಟೆಲಿಫೋನಿನವರು ಮನೆಗೆ ಬ್ರಾಡ್‌ಬ್ಯಾಂಡ್ ಕೊಡಲು ಶುರುಮಾಡಿದಾಗ, "ಭಾವ, ನಮ್ಮನೇಗೂ ಹಾಕ್ಸಿಕೊಡಿ" ಎಂದು ಕೇಳಿದವಳು ಅವಳೇ. ಸ್ಕೂಲಿನ ಪಾಠಕ್ಕೆ ಬೇಕು ಎಂದಳು. ಬೆಲ್ಲದ ರೇಟು ಮನೆಯಲ್ಲೇ ಕೂತು ನೋಡಬಹುದು ಎಂದು ನಾನು ಮಾವನನ್ನು ಒಪ್ಪಿಸಿದೆ. ಒಪ್ಪಿಸಿದೆ ಎಂದು ನಾನು ಅಂದುಕೊಂಡೆ. ಅವರಿಗೆ ಬೇರೆ ದಾರಿ ಎಲ್ಲಿತ್ತು?

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಹಾಗೆ ನೀವೂ ಬೆಪ್ಪಾಗುವುದು ಬೇಡ. ಆ ಹೊತ್ತಿಗೆ ಮಂಗಳಾಗೆ ಗಂಡು ನೋಡುತ್ತಿದ್ದರು. ನಾನು ನನ್ನ ಚಿಕ್ಕಮ್ಮನ ಮಗ ಲೋಕೇಶನ ಸಂಬಂಧ ತಂದಿದ್ದೆ. ನರಸೀಪುರದಲ್ಲೇ ಗೊಬ್ಬರದ ಅಂಗಡಿ, ಒಳ್ಳೆಯ ಹುಡುಗ, ಮಾತೆಲ್ಲ ಯೂರಿಯಾ ಪೊಟ್ಯಾಷ್ ಆದರೂ ಮನಸ್ಸು ಮೆದು. ಮಾವ "ನೀವ್ ಹೇಳುದ್ ಮೇಲೆ ಮುಗೀತು" ಅಂದರು. ಅತ್ತೆ, "ಅಳಿಯಂದ್ರು ತಂದವ್ರೆ ಅಂದ್ರೆ ನೋಡೋದೇನದೆ ಅನ್ನವ್ವ" ಎಂದು ಶೈಲಾಳ ಮೂಲಕ ಒಪ್ಪಿಗೆ ಕಳಿಸಿದರು. ಮಂಗಳಾಳನ್ನು ನಾನೇ ಕೇಳಿದೆ. ಎಂದೂ ನೆಲ ನೋಡಿ ಮಾತಾಡದವಳು ಅಂದು ನೆಲ ನೋಡಿ, "ನೀವು ಹೇಳ್ದಂಗೆ ಭಾವ" ಅಂದಳು. ನಾನು ಅದನ್ನು ನಾಚಿಕೆ ಎಂದು ಓದಿಕೊಂಡೆ. ಅವಳಿಗೆ ಬಿಳಿಗೆರೆಯ ಮಹೇಶ ಎನ್ನುವ ಹುಡುಗನ ಮೇಲೆ ಮನಸ್ಸಿತ್ತು. ಅವನು ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ, ಕಂಪನಿಯವರು ತರಬೇತಿಗೆಂದು ಪೂನಾಕ್ಕೆ ಕಳಿಸಿದ್ದರು. ಇಂಟರ್ನೆಟ್ ಬೇಕಿದ್ದದ್ದು ಪಾಠಕ್ಕಲ್ಲ, ಪೂನಾಕ್ಕೆ. ಹೀಗೆ, ನಾನು ಒಂದು ಕೈಯಲ್ಲಿ ಕಟ್ಟುತ್ತಿದ್ದ ಸಂಬಂಧವನ್ನು ಇನ್ನೊಂದು ಕೈಯಲ್ಲಿ ವೈರು ಎಳೆದು ಬಿಚ್ಚುತ್ತಿದ್ದೆ.

ಮನೆ ಹಳೆಯ ತೊಟ್ಟಿ ಮನೆ. ಬೀದಿಗೆ ಹಜಾರ, ಅದರ ಹಿಂದೆ ತೊಟ್ಟಿ, ಆಮೇಲೆ ನಡುಮನೆ, ಅಡುಗೆಮನೆ, ಕೊನೆಗೆ ಉಗ್ರಾಣ. ಗೋಡೆಗಳು ಮಣ್ಣಿನವು, ಗೋಡೆಯ ಗೂಡಿನಲ್ಲಿ ಬೆಕ್ಕು ಮರಿ ಹಾಕಿ ಸುಖವಾಗಿ ಸಂಸಾರ ಮಾಡುವಷ್ಟು ದಪ್ಪ. ಫೋನು ಇದ್ದದ್ದು ಹಜಾರದಲ್ಲಿ. ಮೊದಲ ರೂಟರನ್ನು ಅಲ್ಲಿ ಇಟ್ಟೆ. ಎರಡು ಕೊಂಬಿನ ಬಿಳಿ ಪೆಟ್ಟಿಗೆ. ಅತ್ತೆ ಅದಕ್ಕೆ ವಿಭೂತಿ ಬಳಿದರು. ಸಿಗ್ನಲ್ ತೊಟ್ಟಿಯ ಅರ್ಧಕ್ಕೆ ಬಂದು ನಿಂತಿತು. ಮಂಗಳಾ ಲ್ಯಾಪ್‌ಟಾಪ್ ಹಿಡಿದು ತೊಟ್ಟಿಯ ಕಟ್ಟೆಯ ಮೇಲೆ ಕೂತು, "ಭಾವ, ಇಲ್ಲಿ ಬಿಸಿಲು, ಒಳಗೆ ಬರೋ ಹಾಗೆ ಮಾಡಿ" ಅಂದಳು.

ಅದಕ್ಕೇ ನೀಲಿ ವೈರು. ಹಜಾರದಿಂದ ತೊಟ್ಟಿಯ ಸೂರಿನ ಅಡಿಯಲ್ಲಿ ಎಳೆದು ನಡುಮನೆಗೆ ಎರಡನೇ ರೂಟರ್ ಕೂರಿಸಿದೆ. ಹೆಸರಿಡುವ ಶಾಸ್ತ್ರ ಬಂತು. ಹಜಾರದ್ದಕ್ಕೆ ಕಪಿಲಾ ಎಂದು ಇಟ್ಟಿದ್ದೆ, ಊರಿನ ಹೊಳೆ. ನಡುಮನೆಯದ್ದಕ್ಕೆ ಕಾವೇರಿ ಎಂದೆ. ನಂಜನಗೂಡಿನ ಮನೆಯ ನಡುವೆ ಕಾವೇರಿ ಹರಿಸಿದ್ದು ಮಾವನಿಗೆ ಹಿಡಿಸಲಿಲ್ಲ ಎಂದು ಅವರ ಹುಬ್ಬು ಹೇಳಿತು. ಅವರ ಬಾಯಿ, "ಬೋ ಚೆನ್ನಾಗದೆ ಅಳಿಯಂದ್ರೆ" ಅಂದಿತು. ಕಪಿಲೆ ಕಾವೇರಿ ಕೂಡುವ ನಮ್ಮೂರಿನ ಸಂಗಮಕ್ಕೆ ಹೆಸರು ಬಂದಿರುವುದೇ ಅವರೂರಿನ ಹೊಳೆಯಿಂದ ಎಂದು ಅವರು ಮಂಡಿಯಲ್ಲಿ ವಾದಿಸುತ್ತಿದ್ದರಂತೆ. ನನ್ನ ಎದುರಿಗೆ ಆ ವಾದ ಎಂದೂ ಬಾಯಿ ಬಿಡಲಿಲ್ಲ.

ಎರಡು ರೂಟರೂ ಕೂಡಿದ ಮೇಲೆ ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ನಿಂತವು. ನಾನು ಎದೆಯುಬ್ಬಿಸಿ ನರಸೀಪುರಕ್ಕೆ ಹೊರಟೆ. ಆಮೇಲೆ ಹೋದಾಗಲೆಲ್ಲ ಕೇಳುತ್ತಿದ್ದೆ, "ಬರ್ತಾ ಅದಾ ಮಾವ?"

"ಬತ್ತಾ ಅದೆ ಅಳಿಯಂದ್ರೆ. ಬಂದು ಬಂದು ಬೀಳ್ತಾ ಅದೆ."

ಬರುತ್ತಿದ್ದದ್ದು ಕಡ್ಡಿ ಮಾತ್ರ. ನನಗೆ ಇದು ಗೊತ್ತಾಗಲು ಬಹಳ ದಿನ ಬೇಕಾಯಿತು. ನಾನು ಮಾಡಿದ ತಪ್ಪು ಇಷ್ಟೆ. ಊಟದ ಪಂಕ್ತಿಯಲ್ಲಿ ಬಂದವರನ್ನು ಕರೆದು ಎಲೆ ತೋರಿಸುವವರು ಒಬ್ಬರೇ ಇರಬೇಕು. ಇಬ್ಬರು ನಿಂತರೆ ಒಂದೇ ಎಲೆಗೆ ಇಬ್ಬರನ್ನು ಕಳಿಸುತ್ತಾರೆ, ಇಬ್ಬರೂ ಎಲೆಯ ಮುಂದೆ ನಿಂತು ಮುಖ ಮುಖ ನೋಡಿಕೊಳ್ಳುತ್ತಾರೆ, ಅನ್ನ ಯಾರಿಗೂ ಇಲ್ಲ. ಕಪಿಲೆ ಕಾವೇರಿ ಇಬ್ಬರೂ ಸೇರಿ ಲ್ಯಾಪ್‌ಟಾಪಿಗೆ ವಿಳಾಸ ಹಂಚುತ್ತ ಹಾಗೆ ಎಲೆ ತೋರಿಸುತ್ತಿದ್ದರು. ಎರಡನೆಯದನ್ನು ಸುಮ್ಮನಿರು ಎಂದು ಒಂದು ಗುಂಡಿ ಒತ್ತಿ ಹೇಳಬೇಕಿತ್ತು. ಆ ಗುಂಡಿ ಇರುವುದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ತಿಳಿಸುವವರೂ ಆ ಮನೆಯಲ್ಲಿ ಇರಲಿಲ್ಲ.

ಒಂದು ಸಂಜೆ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಅಲ್ಲೇ ಒಂದು ಸೈಬರ್ ಅಂಗಡಿ. ಒಳಗೆ ಪರದೆಯ ಸಂದಿಯಲ್ಲಿ ಮಾವನ ಬೆನ್ನು ಕಾಣಿಸಿತು. ಮೂಗಿಗೆ ಕನ್ನಡಕ ಏರಿಸಿ ಬೆಲ್ಲದ ರೇಟು ನೋಡುತ್ತಿದ್ದರು. ನಾನು, "ಏನ್ ಮಾವ, ಇಲ್ಲಿ?" ಅಂದೆ. ಅವರು ಒಂದು ಕ್ಷಣ ತಡವರಿಸಿ, "ಏನಿಲ್ಲ ಅಳಿಯಂದ್ರೆ, ನಮ್ಮನೇದು ಎಷ್ಟ್ ಜೋರಾಗದೆ ಅಂತ ಇವ್ರದ್ರ ಜೊತೆ ಹೋಲ್ಸಿ ನೋಡ್ತಿದ್ದೆ. ಇವ್ರದು ಏನೂ ಇಲ್ಲ ಬುಡಿ" ಅಂದರು. ಸೈಬರಿನವನು ನನ್ನನ್ನೇ ನೋಡಿದ. ನಾನು ಅವನ ಕಡೆ ಕನಿಕರದ ನಗೆ ಬೀರಿ, ಮಾವನ ಜೊತೆ ಹೆಮ್ಮೆಯಿಂದ ಮನೆಗೆ ನಡೆದೆ.

ಮಂಗಳಾ ಮಾತ್ರ ಬಿಡಲಿಲ್ಲ. ವಾರಕ್ಕೊಮ್ಮೆ ನನ್ನ ಅಂಗಡಿಗೆ ಫೋನು ಮಾಡಿ, "ಭಾವ, ಉಗ್ರಾಣಕ್ಕೆ ಬರ್ತಾ ಇಲ್ಲ" ಎನ್ನುತ್ತಿದ್ದಳು. ಉಗ್ರಾಣದಲ್ಲಿ ನಿನಗೇನಮ್ಮ ಕೆಲಸ ಎಂದರೆ, ಅಲ್ಲಿ ತಂಪು, ಪಾಠ ತಯಾರು ಮಾಡಲು ಸದ್ದುಗದ್ದಲ ಇಲ್ಲ ಎನ್ನುತ್ತಿದ್ದಳು. ರಾಗಿ ತುಂಬಿದ ಮಣ್ಣಿನ ವಾಡೆ, ಹುಣಸೆಹಣ್ಣಿನ ಕುಕ್ಕೆ, ಬೆಲ್ಲದ ಅಚ್ಚು, ಇವುಗಳ ನಡುವೆ ಪಾಠ ತಯಾರು ಮಾಡುವ ಶಿಕ್ಷಕಿಯನ್ನು ನಾನು ಮೆಚ್ಚಿಕೊಂಡೆ. ಇಂಥ ಹೆಣ್ಣು ಲೋಕೇಶನಿಗೆ ಸಿಗುತ್ತಿರುವುದು ಅವನ ಪುಣ್ಯ ಎಂದು ಚಿಕ್ಕಮ್ಮನಿಗೂ ಹೇಳಿದೆ. ಮಂಗಳಾ ಇನ್ನೊಂದು ಕೋರಿಕೆ ಇಟ್ಟಳು. ಮೂರನೆಯ ರೂಟರ್ ಹಾಕಿದರೆ ಅದರ ಹೆಸರು ಬೇರೆ ಯಾರ ಪರದೆಯ ಮೇಲೂ ಕಾಣಬಾರದಂತೆ, ಪಕ್ಕದ ಮನೆಯವರು ಕದಿಯುತ್ತಾರಂತೆ. ನನಗೆ ಖುಷಿಯೋ ಖುಷಿ. ಕಪಿಲೆ, ಕಾವೇರಿ ಆದ ಮೇಲೆ ನಮ್ಮ ಸಂಗಮದಲ್ಲಿ ಕಣ್ಣಿಗೆ ಕಾಣದೆ ಬಂದು ಸೇರುವ ಮೂರನೆಯದು ಸ್ಫಟಿಕ ಸರೋವರ ತಾನೆ? ಹೆಸರು ತಾನಾಗಿ ಒದಗಿ ಬಂತು.

ಮೂರನೆಯದನ್ನು ಕೂರಿಸಲು ನಾನು ಶೈಲಾಳನ್ನೂ ಕರೆದುಕೊಂಡು ಹೋದದ್ದು ಒಂದು ಭಾನುವಾರ. ಅದರ ಮುಂದಿನ ಭಾನುವಾರ ಚಿಕ್ಕಮ್ಮನ ಮನೆಯವರು ತಾಂಬೂಲ ಬದಲಾಯಿಸಲು ಬರುವುದೆಂದು ಮಾತಾಗಿತ್ತು. ತಾಂಬೂಲ ಬದಲಾಯಿಸಿದರೆ ಮುಗಿಯಿತು, ನಮ್ಮಲ್ಲಿ ಆಮೇಲೆ ಹಿಂದಕ್ಕೆ ಹೋಗುವ ಮಾತಿಲ್ಲ. ಹೊಸ ರೂಟರಿನ ಡಬ್ಬದಲ್ಲಿದ್ದ ಕಾಗದವನ್ನು ಬಸ್ಸಿನಲ್ಲಿ ಮೊದಲ ಬಾರಿಗೆ ಓದಿದೆ. ಎಲೆ ತೋರಿಸುವವರು ಒಬ್ಬರೇ ಇರಬೇಕೆಂದು ಅದರಲ್ಲಿ ಅಚ್ಚಾಗಿತ್ತು. ಆ ಸಾಲನ್ನು ಎರಡು ಸಲ ಓದಿದೆ. ಆದರೂ ಮನೆಯವರೆಲ್ಲ ಚೆನ್ನಾಗಿ ಬರುತ್ತಿದೆ ಎನ್ನುತ್ತಾರಲ್ಲ, ಇದು ಬೇರೆ ಜಾತಿಯ ರೂಟರಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ನಡುಮನೆಗೆ ಹೋದರೆ ಕಾವೇರಿ ಕಾಣಲಿಲ್ಲ. ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಸ್ಟೀಲ್ ಪಾತ್ರೆ, ಪಾತ್ರೆಗೆ ತಟ್ಟೆ ಮುಚ್ಚಳ. ಮುಚ್ಚಳ ತೆಗೆದರೆ ಒಳಗೆ ಗಟ್ಟಿ ಮೊಸರು. ಅತ್ತೆ ಕಂಬದ ಆಚೆಯಿಂದ, "ಪೆಟ್ಗೆ ಬೆಚ್ಚುಗಿರ್ತದೆ, ಚಳೀಲಿ ಎಪ್ಪು ಚೆನ್ನಾಗ್ ಕೂತ್ಕತದೆ ಅಂತ ಏಳವ್ವ ಶೈಲಾ" ಅಂದರು. ಶೈಲಾ ನನ್ನ ಕಡೆ ತಿರುಗಿ ಬಾಯಿ ತೆರೆದಳು. ಕೇಳಿಸಿತು ಎಂದೆ. ಪಾತ್ರೆ ಇಳಿಸಿ, ಯಾವುದಕ್ಕೂ ಇರಲಿ ಎಂದು ಕಾಗದದಲ್ಲಿ ಹೇಳಿದ ಗುಂಡಿ ಒತ್ತಿ, ಕಾವೇರಿಗೆ ಸುಮ್ಮನಿರಲು ಹೇಳಿದೆ. ಅಲ್ಲಿಂದ ವೈರನ್ನು ಅಡುಗೆಮನೆ ದಾಟಿಸಿ, ಹಿತ್ತಿಲ ಸೂರಿನ ಅಡಿಯಲ್ಲಿ ಎಳೆದು ಉಗ್ರಾಣಕ್ಕೆ ತಂದೆ.

ಉಗ್ರಾಣದ ಅಟ್ಟದ ಮೇಲೆ ರೂಟರ್ ಕೂರಿಸುವುದು ಎಂದು ತೀರ್ಮಾನ. ಏಣಿ ಹಾಕಿ ನಾನು ಮೇಲೆ ಹತ್ತಿದೆ. ಮಾವ ಏಣಿ ಹಿಡಿದುಕೊಂಡರು. ಅತ್ತೆ ಬಾಗಿಲಲ್ಲಿ, ಶೈಲಾ ರಾಗಿ ವಾಡೆಯ ಹತ್ತಿರ. ವಾಡೆಯ ಮುಚ್ಚಳದ ಮೇಲೆ ಮಂಗಳಾಳ ಲ್ಯಾಪ್‌ಟಾಪು ತೆರೆದಿತ್ತು. ಹಿತ್ತಿಲಲ್ಲಿ ಕೋತಿಗಳು ಇಳಿದ ಸದ್ದಾಗಿ ಮಂಗಳಾ ಕೋಲು ಹಿಡಿದು ಓಡಿದಳು. ನಂಜನಗೂಡಿನ ಕೋತಿಗಳಿಗೆ ವೈರು ಕಂಡರೆ ಎಳೆದು ನೋಡುವ ಚಪಲ, ಅದಕ್ಕಾಗಿ ಅವಳಿಗೆ ಅಷ್ಟು ಅವಸರ. ನಾನು ಪ್ಲಗ್ಗು ಚುಚ್ಚಿದೆ. ದೀಪಗಳು ಒಂದೊಂದಾಗಿ ಹತ್ತಿದವು.

ಲ್ಯಾಪ್‌ಟಾಪು ಟ್ರಿಣ್ ಟ್ರಿಣ್ ಎಂದು ಬಡಿದುಕೊಳ್ಳತೊಡಗಿತು.

"ಯಾರೋ ಪೋನ್ ಮಾಡ್ತಾವ್ರೆ, ಪಾಪ" ಅಂದರು ಅತ್ತೆ.

"ಅದು ಫೋನಲ್ಲ, ಇಂಟರ್ನೆಟ್ಟು ಬಂತು ಅಂತ ಗುರುತು" ಎಂದು ನಾನು ಅಟ್ಟದಿಂದ ವಿವರಿಸಿದೆ. "ಶೈಲಾ, ಹಸಿರು ಗುಂಡಿ ಒತ್ತು."

ಶೈಲಾ ಒತ್ತಲಿಲ್ಲ. ಲ್ಯಾಪ್‌ಟಾಪನ್ನೊಮ್ಮೆ, ಹಿತ್ತಿಲ ಬಾಗಿಲನ್ನೊಮ್ಮೆ ನೋಡಿದಳು. ತಂಗಿಯ ಗುಟ್ಟು ಅವಳಿಗೆ ಗೊತ್ತಿತ್ತೆಂದು ನನಗೆ ಆಮೇಲೆ ತಿಳಿಯಿತು. "ಮಂಗಳಾ ಬರ್ಲಿ ತಡೀರಿ" ಅಂದಳು.

"ಒತ್ತು ಅಂದ್ರೆ ಒತ್ತೇ" ಎಂದೆ. ಮಾವನ ಮುಂದೆ ನನ್ನ ಯಂತ್ರ ಮಾತಾಡುವ ಹೊತ್ತು, ತಡೆಯುವುದು ಹೇಗೆ? ಅಳಿಯ ಹೇಳಿದ ಮೇಲೆ ಮುಗಿಯಿತು. ಒತ್ತಿದಳು.

"ಮಂಗಳಾ, ಈಗ ಕೇಳುಸ್ತಾ ಅದಾ?" ಎಂದಿತು ಒಂದು ಗಂಡು ದನಿ, ನೀರಿನಷ್ಟು ತಿಳಿಯಾಗಿ.

"ಚೆನ್ನಾಗಿ ಕೇಳುಸ್ತಾ ಅದೆ" ಅಂದೆ ನಾನು. ಇದನ್ನು ನಾನೇ ಅಂದೆ. ಅಷ್ಟು ದಿನದ ದುಡಿಮೆ ಫಲ ಕೊಟ್ಟಾಗ ಬಾಯಿ ತಾನಾಗಿ ಆಡಿಬಿಡುತ್ತದೆ.

ಆ ಕಡೆಯ ದನಿಗೆ ಗಾಬರಿಯಾಯಿತು. "ಯಾರ್ ಮಾತಾಡ್ತಿರೋದು?"

ಮಾವ ಏಣಿ ಬಿಟ್ಟು ವಾಡೆಯ ಹತ್ತಿರ ಹೋದರು. ಲ್ಯಾಪ್‌ಟಾಪಿನ ಕಡೆಗೆ ಬಗ್ಗಿ, "ನಾನು ಅವ್ರಪ್ಪ. ತಾವ್ಯಾರು?" ಅಂದರು.

"ನಾನು ಮಹೇಶ ಸಾ. ಬಿಳಿಗೆರೆ. ಪೂನಾದಿಂದ ಮಾತಾಡ್ತಾ ಇವ್ನಿ ಸಾ."

ಏಣಿ ಹಿಡಿಯುವವರಿಲ್ಲದೆ ನಾನು ತೊಲೆ ತಬ್ಬಿಕೊಂಡೆ. ಮಂಡಿಯ ಬಾಯಿ ಈಗ ತೆರೆಯುತ್ತದೆ ಎಂದು ಕಣ್ಣು ಮುಚ್ಚಿದೆ. ಮಾವ ಗಂಟಲು ಸರಿಮಾಡಿಕೊಂಡರು. ದೂರದಿಂದ ಮಾತಾಡುವವರನ್ನು ಮೊದಲು ಕೇಳಬೇಕಾದದ್ದು ಒಂದಿದೆಯಲ್ಲ, ಅವರ ನಾಲಿಗೆಗೆ ಅದೇ ಬಂತು.

"ಊಟ ಆಯ್ತಾ?"

"ಆಯ್ತು ಸಾ. ನಿಮ್ದು?"

"ಇನ್ನ ಇಲ್ಲ, ಆಗ್ಬೇಕು." ಮತ್ತೆ ಏನು ಮಾತಾಡುವುದೆಂದು ತೋಚಲಿಲ್ಲವೋ ಏನೋ, "ಅಲ್ಲಿ ಬೆಲ್ಲ ಎಂಗದೆ ರೇಟು?" ಅಂದರು.

"ಇಚಾರುಸ್ಬುಟ್ಟು ಹೇಳ್ತೀನಿ ಸಾ" ಅಂದ ಹುಡುಗ. ಆಮೇಲೆ ಪಟ್ಟೆಂದು ದನಿ ನಿಂತಿತು. ಹಿತ್ತಿಲಲ್ಲಿ ಕೋತಿ ವೈರು ಎಳೆದಿತ್ತೋ, ಹುಡುಗನೇ ಹೆದರಿ ಇಟ್ಟನೋ, ಇಂದಿಗೂ ಇತ್ಯರ್ಥವಾಗಿಲ್ಲ.

ಮಂಗಳಾ ಕೋಲಿನ ಸಮೇತ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ, ಮುಖ ಬಿಳಿಚಿತ್ತು.

"ನಾನೇ ಹೇಳ್ಬೇಕು ಅಂತಿದ್ದೆ ಅಪ್ಪ" ಅಂದಳು.

"ಹೇಳ್ಬೇಕಾಗಿತ್ತು ಕಣವ್ವ. ಬರೋ ವಾರ ತಾಂಬೂಲ ಮಡಿಕೊಂಡು ಈಗ್ ಗೊತ್ತಾದ್ರೆ ನಾನೇನ್ ಮಾಡ್ಲಿ?"

"ಭಾವ ತಂದಿರೋ ಸಂಬಂಧ. ಹೆಂಗಪ್ಪ ಬ್ಯಾಡ ಅನ್ಲಿ? ನೀನು ಅಂತಿದ್ದಾ?"

ಮಾವ 'ಬೇಡ' ಎನ್ನುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆಮೇಲೆ ನಾಲ್ವರೂ ತಲೆಯೆತ್ತಿ ಅಟ್ಟದ ಮೇಲಿದ್ದ ನನ್ನನ್ನು ನೋಡಿದರು.

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಲ್ಯಾಪ್‌ಟಾಪು, ನನ್ನ ವೈರು, ನನ್ನ ಚಿಕ್ಕಮ್ಮ. ಅದರ ಹಿಂದೆಯೇ ನಾಚಿಕೆಯಾಯಿತು. ಆ ಮುಖಗಳಲ್ಲಿ ನನ್ನ ಮೇಲೆ ಕೋಪ ಇರಲಿಲ್ಲ, ಭಯ ಇತ್ತು. ನಾನು ಹೂಂ ಎಂದರೆ ಬರುವ ಭಾನುವಾರ ತಾಂಬೂಲ ಬದಲಾಗುತ್ತದೆ, ಮಂಗಳಾ ಗೊಬ್ಬರದ ಅಂಗಡಿಯ ಮನೆಗೆ ಹೋಗುತ್ತಾಳೆ, ಯಾರೂ ಒಂದು ಮಾತು ಆಡುವುದಿಲ್ಲ. ನನ್ನ ಮಾತಿಗೆ ಅಂಥ ತೂಕ ಇದೆ ಎಂದು ಅಷ್ಟು ದಿನ ಬೀಗಿದ್ದೆ. ಅಂದು ಆ ತೂಕ ನನಗೇ ಹೆದರಿಕೆ ಹುಟ್ಟಿಸಿತು. ಎದುರಾಡುವಂತಿಲ್ಲ ಎಂದರೆ ನಾನು 'ಬೇಡ' ಎಂದರೂ ಎದುರಾಡುವಂತಿಲ್ಲ ಎನ್ನುವುದು ಆಗ ಹೊಳೆಯಿತು.

"ಮಾವ" ಅಂದೆ, "ನಾನೂ ಒಂದು ಮಾತು ಹೇಳ್ಬೇಕು ಅಂತಿದ್ದೆ. ಲೋಕೇಶನ ಸಂಬಂಧ ಬೇಡ. ಸರಿಯಾಗಿ ವಿಚಾರಿಸದೆ ತಂದ್ಬಿಟ್ಟೆ."

"ಯಾಕೆ ಅಳಿಯಂದ್ರೆ? ಹುಡುಗನ್ಗೆ ಏನಾರ..."

ಲೋಕೇಶನಿಗೆ ಏನೂ ಇರಲಿಲ್ಲ. ಬೀಡಿ ಇಲ್ಲ, ಸಾಲ ಇಲ್ಲ, ಹುಡುಕಿದರೂ ಒಂದು ಕೊರತೆ ಸಿಗದ ಹುಡುಗ. ಒಳ್ಳೆಯವನ ಮೇಲೆ ಕೆಟ್ಟದ್ದು ಹೊರಿಸಲು ಮನಸ್ಸು ಬರಲಿಲ್ಲ. ಯಾರ ಮಾನವೂ ಹೋಗದ, ಆದರೂ ಈ ಮನೆಯಲ್ಲಿ ಯಾರೂ ಕ್ಷಮಿಸದ ತಪ್ಪೊಂದು ಬೇಕಿತ್ತು.

"ಮುದ್ದೆ ಮುಟ್ಟಲ್ಲ ಮಾವ ಅವನು" ಅಂದೆ.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಮುದ್ದೆ ತಿನ್ನಕುಲ್ವಾ? ಅಯ್ಯೋ, ನಮ್ ಮಗೀಗೆ ಅಂಥ ಮನೆ ಬ್ಯಾಡ ಅನ್ನವ್ವ ಶೈಲಾ" ಅಂದರು. ಲೋಕೇಶ ನಮ್ಮ ಮದುವೆಯಲ್ಲಿ ಮುದ್ದೆಯ ಮೇಲೆ ಮುದ್ದೆ ಹಾಕಿಸಿಕೊಂಡು ಬಡಿಸುವವರನ್ನು ಸುಸ್ತು ಮಾಡಿದ್ದನ್ನು ಕಣ್ಣಾರೆ ಕಂಡಿದ್ದ ಶೈಲಾ, ಕೆಮ್ಮು ಬಂದವಳ ಹಾಗೆ ವಾಡೆಯ ಹಿಂದೆ ಬಗ್ಗಿದಳು. ಮಂಗಳಾ ಕೋಲನ್ನು ಗೋಡೆಗೆ ಒರಗಿಸಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

"ನೀವ್ ಹೇಳುದ್ ಮೇಲೆ ಮುಗೀತು ಅಳಿಯಂದ್ರೆ" ಅಂದರು ಮಾವ. ಎಷ್ಟು ಬೇಗ ಅಂದರು ಎಂದರೆ ನನಗೆ ಒಂದಿಷ್ಟು ನೋವೇ ಆಯಿತು. ಇಷ್ಟು ದಿನ 'ಬೇಡ' ಎನ್ನುವುದನ್ನು ನುಂಗಿಕೊಂಡು ಕೂತಿದ್ದರಲ್ಲ.

ಚಿಕ್ಕಮ್ಮ ಆಮೇಲೆ ನನ್ನ ಜೊತೆ ಒಂದು ವರ್ಷ ಮಾತು ಬಿಟ್ಟಳು. ಲೋಕೇಶ ಮಾತ್ರ ಏನೂ ಅಂದುಕೊಳ್ಳಲಿಲ್ಲ, ಅವನಿಗೆ ಬೇರೆ ಕಡೆ ಮದುವೆಯಾಗಿ, ಆ ಊಟದಲ್ಲಿ ಮುದ್ದೆ ತಿನ್ನುವಾಗ ನನ್ನ ಕಡೆ ನೋಡಿ ಇನ್ನೊಂದು ಹಾಕಿಸಿಕೊಂಡ. ಸುದ್ದಿ ಹೇಗೋ ಅವನಿಗೆ ಮುಟ್ಟಿತ್ತು. ಮಹೇಶ ಪೂನಾದಿಂದ ಬಂದ ಮೇಲೆ ಮಾವ ಬಿಳಿಗೆರೆಗೆ ಹೋಗಿ ವಿಚಾರಿಸಿಕೊಂಡು ಬಂದರು. ಮದುವೆ ಕಾರ್ಡು ನಾನೇ ಅಚ್ಚು ಮಾಡಿಕೊಟ್ಟೆ, ಬಾಳೆಕಂಬವೇ ಇದೆಯೇ ಎಂದು ಶೈಲಾ ಪ್ರತಿಯೊಂದು ಕಾರ್ಡನ್ನೂ ತಿರುಗಿಸಿ ನೋಡಿದಳು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಭಾನುವಾರ ನಾನು ಇನ್ನೂ ಅಟ್ಟದ ಮೇಲೆ ತೊಲೆ ತಬ್ಬಿಕೊಂಡೇ ಇದ್ದೆ. ಮಾವ ಬಂದು ಮತ್ತೆ ಏಣಿ ಹಿಡಿದರು.

"ಇಳಿಯಪ್ಪ ಪರಶಿವ, ಬಿದ್ಗಿದ್ದೀಯ" ಅಂದರು.

ಆ ಮನೆಯಲ್ಲಿ ನನ್ನನ್ನು ಯಾರಾದರೂ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನಾನು ಇಳಿದೆ. ಮಾವ ನನ್ನ ಭುಜದ ಮೇಲಿನ ಜೇಡರ ಬಲೆ ಒರೆಸುತ್ತ, "ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ ಕಣಪ್ಪ. ಈ ನಿನ್ ನೆಟ್ಟು ಹಾಕ್ದಾಗಿಂದ ಇವತ್ತಿನ್ಗಂಟ ನಡುಮನೇಲಿ ಒಂದಿನಾನೂ ಬಂದಿಲ್ಲ. ಆ ಸೈಬರ್ನೋನು ನನ್ನ ನೋಡಿದ್ರೆ ಕುರ್ಚಿ ಒರ್ಸಿ ಮಡುಗ್ತಾನೆ" ಅಂದರು. ಅಷ್ಟು ಹೇಳಿದ್ದೇ ತಡ, ಕಟ್ಟೆ ಒಡೆದ ಹಾಗಾಯಿತು. ಕಾವೇರಿ ಎಂದು ಯಾಕೆ ಹೆಸರಿಟ್ಟೆ ಎಂದು ಕೇಳಿದರು. ವೈರು ತಲೆಗೆ ತಗಲುತ್ತದೆ ಅಂದರು. ನಾನು ಹಜಾರದಲ್ಲಿ ಮಲಗಿದರೆ ನನ್ನ ಗೊರಕೆಗೆ ಯಾರಿಗೂ ನಿದ್ದೆಯಿಲ್ಲ ಎನ್ನುವುದೂ ಬಂತು. ಮಂಗಳಾ ಕಣ್ಣು ಒರೆಸಿಕೊಂಡು ನಗುತ್ತಿದ್ದಳು. ನಾನು ಎಲ್ಲವನ್ನೂ ಕೇಳಿಸಿಕೊಂಡು ನಿಂತೆ. ಬಯ್ಯಿಸಿಕೊಳ್ಳುವುದು ಅಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಕೂಗಿದರು. ಶೈಲಾ ನನ್ನ ಪಕ್ಕದಲ್ಲೇ ಇದ್ದಳು. ಅವಳನ್ನು ಕರೆಯಲಿಲ್ಲ.

"ಪರಶಿವ, ಕೈ ತೊಳ್ಕಂಡು ಒಂದ್ ತಟ್ಟೆ ತಕ್ಕಂಡ್ ಬಾ ಮಗ, ಮುದ್ದೆ ಆರೋಯ್ತದೆ."

ನಾನು ಕೈ ತೊಳೆದುಕೊಂಡು ಬಂದು ಅಡುಗೆಮನೆಯ ನಡುವೆ ನಿಂತೆ. ಇಷ್ಟು ವರ್ಷ ನನ್ನ ಮುಂದೆ ಎಲೆ ತಾನಾಗಿ ಬಂದು ಕೂರುತ್ತಿತ್ತು. ತಟ್ಟೆ ಎಲ್ಲಿಡುತ್ತಾರೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಮಂಗಳಾ ಬಂದು ತೋರಿಸಿದಳು.